ಚೋಕ್ ಜಗ್ಗಿದ ಕೈಗಳು

ನಮ್ಮಲ್ಲಿ ಕಾರಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಕಾರು ಯಾರದು ಎಂಬುದರ ಚರಿತ್ರೆ. ಹೈದರಾಬಾದಿನ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಎಂದೊಡನೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಬರುತ್ತದೆ, ಒಳಗಿನ ಸಿಂಹಾಸನದಂಥ ಆಸನದ ವರ್ಣನೆ ಬರುತ್ತದೆ. ಆದರೆ ಸಿಲ್ವರ್ ಘೋಸ್ಟ್ ಕಾರುಗಳಿಗೆ ವಿದ್ಯುತ್ ಸ್ಟಾರ್ಟರ್ ಬಂದದ್ದು 1919ರಲ್ಲಿ. ಅದಕ್ಕೂ ಮೊದಲಿನ ಆ ಕಾರಿನ ತಣ್ಣಗಿದ್ದ ಎಂಜಿನ್ನನ್ನು ಯಾರೋ ಒಬ್ಬ ಮುಂದೆ ಬಾಗಿ, ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು. ಆ ಯಾರೋ ಒಬ್ಬನಿಗೆ ಈ ಕಥೆಯಲ್ಲಿ ಹೆಸರಿಲ್ಲ.

ನಾನು ಯಾದಗಿರಿ ಪಕ್ಕದ ಮುದನಾಳದವನು. 1948ರವರೆಗೆ ನಮ್ಮ ಸೀಮೆ ಅದೇ ನಿಜಾಮರ ರಾಜ್ಯದಲ್ಲಿತ್ತು. ಕಲ್ಯಾಣ ಕರ್ನಾಟಕದ ರಸ್ತೆ ಸಾರಿಗೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇಸವಿಗಳು ಸುಲಭವಾಗಿ ಸಿಗುತ್ತವೆ. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ವಿಭಾಗ ತೆರೆಯಿತು. 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ಸಾರಿಗೆ ಸಂಸ್ಥೆ ಬಂತು, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರಾಯಿತು. ಈ ಇಸವಿಗಳ ನಡುವೆ ಪ್ರತಿದಿನ ಬೆಳಗ್ಗೆ ಒಂದು ಕೆಲಸ ನಡೆಯುತ್ತಿತ್ತು, ಗಾಡಿ ಚಾಲೂ ಮಾಡುವುದು. ಕೀಲಿ ತಿರುವಿದರೆ ಎಂಜಿನ್ ಎದ್ದೇಳುವ ಕಾಲದ ನಮಗೆ ಅದೊಂದು ಕೆಲಸ ಎಂದೇ ಅನ್ನಿಸುವುದಿಲ್ಲ.

ಅದು ಯಾಕೆ ಕಷ್ಟವಿತ್ತು ಎಂಬುದನ್ನು ಮೊದಲು ನೋಡೋಣ. ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಂದಿಗೆ ಹದವಾಗಿ ಬೆರೆತರೆ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಈ ಹದ ಮಾಡುವ ಉಪಕರಣವೇ ಕಾರ್ಬೊರೇಟರ್, ನಮ್ಮ ಮಿಸ್ತ್ರಿಗಳ ಬಾಯಲ್ಲಿ ಕಾರ್ಬೇಟರ್. ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ 1893ರಲ್ಲಿ ರೂಪಿಸಿದ ಮಾದರಿಯಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ರಭಸಕ್ಕೇ ಸಣ್ಣ ರಂಧ್ರದಿಂದ ಪೆಟ್ರೋಲ್ ತುಂತುರಾಗಿ ಚಿಮ್ಮುತ್ತಿತ್ತು. ಮುಂದಿನ ನೂರು ವರ್ಷದ ಕಾರುಗಳೆಲ್ಲ ಹೆಚ್ಚೂಕಡಿಮೆ ಇದೇ ಉಪಾಯದ ಮೇಲೆ ಓಡಿದವು.

ತೊಂದರೆ ಇದ್ದದ್ದು ಥಂಡಿಯಲ್ಲಿ. ಯಾದಗಿರಿಯ ಚಳಿ ಅದೇನು ಮಹಾ ಚಳಿ ಎನ್ನಬಹುದು. ಆದರೆ ಓಡುವ ಎಂಜಿನ್ ಇರಬೇಕಾದದ್ದು 80, 90 ಡಿಗ್ರಿ ಬಿಸಿಯಲ್ಲಿ. ಆ ಲೆಕ್ಕಕ್ಕೆ ರಾತ್ರಿಯಿಡೀ ನಿಂತ ಎಂಜಿನ್ ಯಾವ ಊರಿನಲ್ಲಿದ್ದರೂ ಥಂಡಿಯೇ. ಎಳ್ಳಮವಾಸ್ಯೆಯ ಹೊತ್ತಿನ ಮುಂಜಾವು ಬೇರೆ ಕೇಳಬೇಕೆ? ಚಿಮ್ಮಿದ ಪೆಟ್ರೋಲ್ ಆವಿಯಾಗದೆ ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿ ಸೊರಗಿರುತ್ತದೆ. ಹಾಗಾಗಿ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಮಾಡಬೇಕು. ಅದಕ್ಕೇ ಚೋಕ್. ಸಾಮಾನ್ಯವಾಗಿ ಅದು ಗಾಳಿಯ ಬಾಯಿಗೆ ಅಡ್ಡ ಬರುವ ಒಂದು ತಗಡು. ಅನೇಕ ಅಂಬಾಸಿಡರ್‌ಗಳಲ್ಲಿದ್ದ ಎಸ್‌ಯು ಕಾರ್ಬೊರೇಟರಿನಲ್ಲಿ ಆ ತಗಡೂ ಇರಲಿಲ್ಲ. ಗುಂಡಿ ಜಗ್ಗಿದರೆ ಪೆಟ್ರೋಲ್ ಬರುವ ಜೆಟ್ ಕೆಳಗಿಳಿದು ದಾರಿ ಅಗಲವಾಗುತ್ತಿತ್ತು.

ಚೋಕ್ ಹಾಕಿದ ಮೇಲೆ ಎಂಜಿನ್ನನ್ನು ತಿರುಗಿಸಬೇಕು. ಮೊದಲ ದಶಕಗಳಲ್ಲಿ ಇದು ಪೂರ್ತಿ ತೋಳಿನ ಕೆಲಸವಾಗಿತ್ತು. ಕಿಡಿ ಹೊತ್ತಬೇಕಾದ ಹೊತ್ತಿಗಿಂತ ಮುಂಚೆ ಹೊತ್ತಿದರೆ ಹ್ಯಾಂಡಲ್ ಉಲ್ಟಾ ಒದ್ದು ಮುಂಗೈ ಮುರಿಯುತ್ತಿತ್ತು. ಅದಕ್ಕಾಗಿ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಬೇರೆ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಕೆಳಗೆ ಒತ್ತಬಾರದು, ಮೇಲಕ್ಕೆ ಜಗ್ಗಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಾಗ ಈ ಅಪಾಯ ತಪ್ಪಿತು. ತೋಳಿನ ಬಲ ಕಡಿಮೆ ಇದ್ದವರೂ ಬೇರೆಯವರನ್ನು ಕರೆಯದೆ ಕಾರು ಹೊರಡಿಸಬಹುದಾಯಿತು. ಆದರೂ ಹ್ಯಾಂಡಲ್ ಹೋಗಲಿಲ್ಲ. ಬ್ಯಾಟರಿ ಕೈಕೊಟ್ಟ ದಿನಕ್ಕಿರಲಿ ಎಂದು ದಶಕಗಳ ಕಾಲ ಡಿಕ್ಕಿಯಲ್ಲಿ ಉಳಿದುಕೊಂಡಿತು.

ನಡುವೆ ಎರಡನೆಯ ಮಹಾಯುದ್ಧ ಬಂತು. ಪೆಟ್ರೋಲಿಗೆ ರೇಷನ್ ಆಯಿತು. ಬಸ್ಸಿಗೆ ಇದ್ದಿಲಿನ ಒಲೆಯಂಥ ಡ್ರಮ್ ಕಟ್ಟಿ, ಇದ್ದಿಲನ್ನು ಅರೆಬರೆ ಉರಿಸಿ, ಹುಟ್ಟಿದ ಅನಿಲದಿಂದ ಎಂಜಿನ್ ಓಡಿಸಿದರು. ಹಿರಿಯರು ‘ಇದ್ದಿಲು ಬಸ್ಸು’ ಎಂದು ನೆನೆಯುವುದು ಇದನ್ನೇ. ಈ ಬಸ್ಸು ಹೊರಡುವ ಹೊತ್ತಿಗಿಂತ ಎಷ್ಟೋ ಮೊದಲೇ ಒಬ್ಬ ಎದ್ದು ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಗಾಳಿ ಹಾಕುವ ಚಕ್ರ ತಿರುಗಿಸುತ್ತ ನಿಲ್ಲಬೇಕಿತ್ತು. ಮೈಯೆಲ್ಲ ಮಸಿ, ಮೂಗಿಗೆ ವಿಷದ ಹೊಗೆ. ಪ್ರಯಾಣಿಕರಿಗೆ ನೆನಪಿರುವುದು ದಿಬ್ಬದಲ್ಲಿ ಇಳಿದು ಬಸ್ಸು ತಳ್ಳಿದ್ದು. ಅವರು ಬರುವ ಮೊದಲೇ ಕ್ಲೀನರ್ ಹುಡುಗ ಅರ್ಧ ದಿನದ ದುಡಿಮೆ ಮುಗಿಸಿರುತ್ತಿದ್ದ.

ಸ್ವಾತಂತ್ರ್ಯದ ನಂತರ ಈ ವಿದ್ಯೆ ಬಸ್ಸಿನಿಂದ ಕಾರಿಗೆ ಸರಿಯಿತು, ಬಸ್ಸು ಲಾರಿಗಳು ಕಾರ್ಬೊರೇಟರ್ ಇಲ್ಲದ ಡೀಸೆಲ್ಲಿಗೆ ಹೋದವು. ಕಾರುಗಳಲ್ಲಿ ಬಹುಕಾಲ ಇದ್ದದ್ದು ಮುಖ್ಯವಾಗಿ ಎರಡು. ಒಂದು ಉತ್ತರಪಾರಾದ ಅಂಬಾಸಿಡರ್, ಇನ್ನೊಂದು ಮುಂಬೈನ ಕುರ್ಲಾದ ಫಿಯೆಟ್, ಅಂದರೆ ಮುಂದಿನ ಪ್ರೀಮಿಯರ್ ಪದ್ಮಿನಿ. ಯಾದಗಿರಿ, ಶಹಾಪುರ, ಸುರಪುರದ ಹಳೆಯ ಡ್ರೈವರ್‌ಗಳನ್ನು ಮಾತನಾಡಿಸಿದಾಗ ಇವುಗಳನ್ನು ಎಬ್ಬಿಸುವ ಕ್ರಮ ಒಂದು ಪೂಜಾವಿಧಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ನಾಲ್ಕು ದಿನ ನಿಂತ ಗಾಡಿಯಾದರೆ ಬಾನೆಟ್ ತೆಗೆದು, ಪಂಪಿನ ಸಣ್ಣ ಹಿಡಿಕೆಯನ್ನು ಕೈಯಿಂದ ಒತ್ತಿ ಕಾರ್ಬೇಟರ್ ತುಂಬಿಸಬೇಕು. ಚೋಕ್ ಪೂರ್ತಿ ಜಗ್ಗಬೇಕು. ಸೆಲ್ಫ್ ಹೊಡೆಯಬೇಕು, ಒಂದೇ ಸಮನೆ ಹೊಡೆದರೆ ಬ್ಯಾಟರಿ ಕೂರುತ್ತದೆ. ಎಂಜಿನ್ ಹಿಡಿದ ಕೂಡಲೇ ಚೋಕ್ ಅರ್ಧ ಒತ್ತಬೇಕು, ಸದ್ದು ಸಮವಾದ ಮೇಲೆ ಪೂರ್ತಿ. ಬಿಟ್ಟರೆ ಕಪ್ಪು ಹೊಗೆ ಬರುತ್ತದೆ, ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನೇ ತೊಳೆದು ಎಂಜಿನ್ ಸವೆಸುತ್ತದೆ. ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದರೆ ಚೋಕ್ ಒತ್ತಿ, ಆಕ್ಸಿಲರೇಟರ್ ಪೂರ್ತಿ ಮೆಟ್ಟಿ ತಿರುಗಿಸಬೇಕು. ಅದಕ್ಕೂ ಜಗ್ಗದಿದ್ದರೆ ಪ್ಲಗ್ ಬಿಚ್ಚಿ ಒರೆಸಬೇಕು. ಕೊನೆಗೆ ಧಕ್ಕಾ ಸ್ಟಾರ್ಟ್ ಇದ್ದೇ ಇದೆ.

‘ಗಾಡಿ ಎದ್ದ ಕೂಡ್ಲೇ ಓಡಸಬಾರದು ತಮ್ಮಾ. ಮನಷಾ ಎದ್ದ ಕೂಡ್ಲೇ ಓಡ್ತಾನೇನು?’ ಎಂದು ಶಹಾಪುರದ ಹಿರಿಯರೊಬ್ಬರು ನನಗೆ ಹೇಳಿದರು. ಇನ್ನೊಬ್ಬರು ಹೇಳಿದ್ದು, ‘ಸ್ಟೇರಿಂಗ್ ಮುಟ್ಟೂದಕ್ಕ ಮೊದಲ ಎರಡು ವರ್ಷ ಬರೇ ಹ್ಯಾಂಡಲ್ ಹೊಡದೀನಿ.’ ಬೇಸಿಗೆಯ ವಿದ್ಯೆ ಬೇರೆಯೇ ಇತ್ತು. ಏಪ್ರಿಲ್, ಮೇ ಬಿಸಿಲಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ತೊಯ್ದ ಬಟ್ಟೆ ಹಾಕಿ ಕಾಯುತ್ತಿದ್ದರು. ಚಳಿಯಲ್ಲಿ ಆವಿ ಸಾಲದು, ಬಿಸಿಲಲ್ಲಿ ಹೆಚ್ಚು. ಎರಡಕ್ಕೂ ಮದ್ದು ಡ್ರೈವರನ ಕೈಯಲ್ಲಿತ್ತು.

ನನ್ನ ಸಂಶೋಧನೆಗೆ ಮುಖ್ಯವಾಗಿ ಕಂಡದ್ದು ಇಲ್ಲಿದೆ. ಈ ಕೈ, ಈ ಕಿವಿ ಮಾಲೀಕನಿಗೆ ಇರುತ್ತಿರಲಿಲ್ಲ. ಕಾರು ಸಾಹೇಬರದು, ಆದರೆ ಬೆಳಗ್ಗೆ ಅದು ಮಾತು ಕೇಳುತ್ತಿದ್ದದ್ದು ಡ್ರೈವರನದು. ‘ಗಾಡಿ ಗರಂ ಆಗ್ಲಿ ಸಾಹೇಬರ’ ಎಂದು ಅವನು ಅಂದರೆ ಜಿಲ್ಲೆಯನ್ನು ಕಾಯಿಸುವವರೂ ಎರಡು ನಿಮಿಷ ಕಾಯಬೇಕು. ಹೊಲ, ಜಾತಿ, ಹುದ್ದೆಗಳ ಲೆಕ್ಕದಲ್ಲಿ ಕೆಳಗಿದ್ದ ಎಷ್ಟೋ ಮನೆಗಳ ಹುಡುಗರಿಗೆ ಹ್ಯಾಂಡಲ್ ಹೊಡೆಯುವುದರಿಂದ ಶುರುವಾಗಿ ‘ಉಸ್ತಾದ’ ಎನಿಸಿಕೊಳ್ಳುವವರೆಗೆ ಒಂದು ದಾರಿ ತೆರೆಯಿತು. ಆ ದಾರಿಗೆ ಪಠ್ಯಪುಸ್ತಕ ಇರಲಿಲ್ಲ. ಚೋಕ್, ಸೆಲ್ಫ್ ಇಂಗ್ಲಿಷಿನವು. ಗರಂ, ಚಾಲೂ, ಉಸ್ತಾದ ದಖನಿಯಿಂದ ಬಂದವು. ಜಗ್ಗು, ಒತ್ತು, ಮೆಟ್ಟು ಕನ್ನಡದವು. ಕೇಳಿ, ನೋಡಿ, ಬೈಸಿಕೊಂಡು ಕಲಿತದ್ದೇ ಪಾಠ.

ಇದನ್ನೆಲ್ಲ ಹಳಹಳಿಕೆಯಾಗಿ ಓದಬೇಕಿಲ್ಲ. ಕಾರ್ಬೊರೇಟರ್ ಪೆಟ್ರೋಲ್ ಪೋಲು ಮಾಡುತ್ತಿತ್ತು, ಹೊಗೆ ಕಾರುತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ಮಾನದಂಡಗಳು ಬಿಗಿಯಾದಂತೆ ಹೊಸ ಕಾರುಗಳಲ್ಲಿ ಅದರ ಜಾಗಕ್ಕೆ ಇಂಜೆಕ್ಷನ್ ಬಂತು. ಎಂಜಿನ್ನಿನ ಬಿಸಿಯನ್ನು ಸೆನ್ಸರ್ ಅಳೆದು ಪೆಟ್ರೋಲಿನ ಹದವನ್ನು ಕಂಪ್ಯೂಟರ್ ನಿರ್ಧರಿಸತೊಡಗಿತು. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದ ಮೇಲೆ ಬೈಕುಗಳಿಂದಲೂ ಕಾರ್ಬೊರೇಟರ್ ಹೋಯಿತು. ನನ್ನ ವಯಸ್ಸಿನವರು ಅಪ್ಪನ ಬೈಕಿನ ಚೋಕ್ ಎಳೆದವರು. ನಮ್ಮ ನಂತರದವರಿಗೆ ಆ ಪದವೂ ಬೇಕಾಗಲಿಕ್ಕಿಲ್ಲ.

ಹಳೆಯ ಕಾರುಗಳು ಉಳಿಯುತ್ತವೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಅವನ್ನು ಮಿರಮಿರ ಮಿಂಚುವಂತೆ ಇಟ್ಟಿದ್ದಾರೆ. ನೋಂದಣಿ ಪತ್ರಗಳೂ ಉಳಿಯುತ್ತವೆ. ಅವುಗಳಲ್ಲಿ ಮಾಲೀಕನ ಹೆಸರಿದೆ, ಎಂಜಿನ್ನಿಗೂ ಒಂದು ಸಂಖ್ಯೆ ಇದೆ. ಅದನ್ನು ದಿನಾ ಎಬ್ಬಿಸಿದವನಿಗೆ ಅಲ್ಲಿ ಕಾಲಂ ಇಲ್ಲ. ಅವನನ್ನು ಹುಡುಕಲು ಮಾತಿನ ಚರಿತ್ರೆಯೊಂದೇ ದಾರಿ ಎಂದುಕೊಂಡು ನಾನು ರೆಕಾರ್ಡರ್ ಹಿಡಿದು ತಿರುಗುತ್ತಿದ್ದೇನೆ. ‘ಮುಂಜಾನಿ ಗಾಡಿ ಹೆಂಗ ಚಾಲೂ ಮಾಡತಿದ್ರಿ?’ ಎಂದು ಕೇಳಿದರೆ ಬಹಳಷ್ಟು ಜನ ಮೊದಲು ಮಾತಾಡುವುದೇ ಇಲ್ಲ. ಎಪ್ಪತ್ತು ದಾಟಿದ ಕೈಯೊಂದು ಗಾಳಿಯಲ್ಲಿ ಇಲ್ಲದ ಗುಂಡಿಯನ್ನು ಜಗ್ಗುತ್ತದೆ, ಇನ್ನೊಂದು ಇಲ್ಲದ ಹ್ಯಾಂಡಲನ್ನು ಹಿಡಿಯುತ್ತದೆ. ಹೆಬ್ಬೆರಳು ತಾನಾಗಿಯೇ ಬೇರೆ ಬೆರಳುಗಳ ಕಡೆಗೆ ಸರಿಯುತ್ತದೆ. ರೆಕಾರ್ಡರಿಗೆ ಅದು ಕೇಳುವುದಿಲ್ಲ. ಆಮೇಲೆ ಮನೆಗೆ ಬಂದು ಬರೆದಿಟ್ಟುಕೊಳ್ಳುತ್ತೇನೆ.