ಕೆಡುವಿಗೆ ಬಾಳೆಹಣ್ಣು

ನಮ್ಮ ಶಿರ್ವದ ಕಡೆ ಮೈಮೇಲೆ ಏಳುವ ಆ ಒರಟು ಗಂಟಿಗೆ ಕೆಡು ಎಂದೇ ಹೆಸರು. ತುಳುವಿನ ಮಾತು. ಘಟ್ಟದ ಮೇಲಿನವರು ನರಹುಲಿ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಯಾವ ಮಗುವಿನ ಕೈಯಲ್ಲಿ ಕೆಡು ಕಂಡರೂ ನಮ್ಮ ಮನೆಯ ಹಿರಿಯರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಪೆರ್ಡೂರಿಗೆ ಬಾಳೆಹಣ್ಣು ಹೇಳಿಕೊಳ್ಳಿ." ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣು ಎಂದರೆ ಪ್ರೀತಿ, ಅದು ಊರಿಗೆಲ್ಲ ಗೊತ್ತಿರುವ ಸಂಗತಿ.

1968ರಲ್ಲಿ ನನಗೆ ಹತ್ತು ವರ್ಷ. ಬಲಗೈಯ ಹಿಂಬದಿಯಲ್ಲಿ ಏಳು ಕೆಡುಗಳಿದ್ದವು. ಅಮ್ಮ ನೂರು ಬಾಳೆಹಣ್ಣು ಹೇಳಿಕೊಂಡಳು. ಮಳೆಗಾಲ ಮುಗಿದು ದೀಪಾವಳಿ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಕಟಪಾಡಿಯ ಮೇಲೆ ಉಡುಪಿಗೆ, ಅಲ್ಲಿಂದ ಹಿರಿಯಡಕ ದಾಟಿ ಪೆರ್ಡೂರಿಗೆ, ಬಸ್ಸು ಬದಲಿಸುತ್ತ ಬಾಳೆಗೊನೆ ಹೊತ್ತುಕೊಂಡು ಹೋದ ನೆನಪು ನನಗೆ ಚೆನ್ನಾಗಿ ಇದೆ. ಚಿಕ್ಕಮ್ಮನೂ ಜೊತೆಗೆ ಬಂದಿದ್ದಳು. ಬಸ್ಸಿನಲ್ಲಿ ಉದ್ದಕ್ಕೂ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು.

ಚಿಕ್ಕಮ್ಮನ ಕತೆ ಅದಕ್ಕೆ ಎರಡು ವರ್ಷ ಹಿಂದಿನದು. ಆಗ ಅವಳಿಗೆ ಇಪ್ಪತ್ತೆರಡು. ಬಲಗೈಯ ಉಂಗುರದ ಬೆರಳಲ್ಲಿ, ಉಗುರಿನ ಪಕ್ಕಕ್ಕೇ ಒಂದು ದೊಡ್ಡ ಕೆಡು, ಸುತ್ತ ನಾಲ್ಕೈದು ಮರಿಗಳು. ಹುಡುಗಿ ನೋಡಲು ಬರುವವರ ಮುಂದೆ ಕಾಫಿ ಲೋಟ ಚಾಚಬೇಕಾದದ್ದು ಆ ಕೈಯೇ. ಒಂದು ಒಳ್ಳೆಯ ಸಂಬಂಧ ಬಂದಿತ್ತು, ಅವರು ಇಪ್ಪತ್ತು ದಿನದಲ್ಲಿ ಬರುವವರಿದ್ದರು. ದೇವರಿಗೆ ಹೇಳಿಕೊಂಡರೆ ದೇವರಿಗೂ ಸಮಯ ಕೊಡಬೇಕು. ಗಂಡಿನ ಕಡೆಯವರಿಗೆ ಅಷ್ಟು ಸಮಯ ಎಲ್ಲಿ? ಅಜ್ಜಿ ಹಸಿ ಗೇರುಬೀಜವನ್ನು ಒಡೆದು, ಸಿಪ್ಪೆಯನ್ನು ಕೆಂಡಕ್ಕೆ ಹಿಡಿದು, ಒಸರಿದ ಕಪ್ಪು ಎಣ್ಣೆಯನ್ನು ಕಡ್ಡಿಯಿಂದ ಕೆಡುಗಳ ಮೇಲೆ ಮುಟ್ಟಿಸಿದರು. ಒಂದು ದಿನವಲ್ಲ, ಐದು ದಿನ.

ಗೇರು ನಮ್ಮದೇ ಮರ ಎಂದುಕೊಂಡಿದ್ದೇವೆ. ಆದರೆ ಅದನ್ನು ಬ್ರೆಜಿಲಿನಿಂದ ಪೋರ್ಚುಗೀಸರು ತಂದದ್ದು ಹದಿನಾರನೆಯ ಶತಮಾನದಲ್ಲಿ. ಅದರ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ ಎಂಬುದಕ್ಕೆ ಪುಸ್ತಕ ನೋಡಬೇಕಾಗಿಲ್ಲ, ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದ ಹೆಂಗಸರ ಅಂಗೈ ನೋಡಿದರೆ ಸಾಕು. ಆ ಎಣ್ಣೆಗೆ ಕೆಡು ಯಾವುದು, ಬೆರಳು ಯಾವುದು ಎಂಬ ಭೇದ ಇಲ್ಲ. ಚಿಕ್ಕಮ್ಮನ ಬೆರಳು ಊದಿತು, ಹಣ್ಣಾಯಿತು, ಎರಡು ತಿಂಗಳು ಮಾಗಲಿಲ್ಲ. ಕೆಡು ಹೋಯಿತು ನಿಜ. ಉಗುರೂ ಅರ್ಧ ಹೋಯಿತು. ಮಾಗಿದ ಚರ್ಮ ಬೆಳ್ಳಗೆ ಬಿಗಿದುಕೊಂಡು ಬೆರಳು ಮತ್ತೆ ಪೂರ್ತಿ ನೆಟ್ಟಗಾಗಲೇ ಇಲ್ಲ.

ಬಿಳಿ ಕಲೆ, ಮಡಚಿದ ಬೆರಳು: ಆ ಕಾಲದಲ್ಲಿ ಇವೆರಡನ್ನೂ ಒಟ್ಟಿಗೆ ನೋಡಿದವರು ಏನು ಅಂದುಕೊಳ್ಳುತ್ತಾರೆ ಎಂದು ಬೇರೆ ಹೇಳಬೇಕೇ? "ಕಂಕನಾಡಿಗೆ ತೋರಿಸಿದ್ದಾರಂತೆ" ಎಂದು ಯಾರೋ ಹಬ್ಬಿಸಿದರು. ಮಂಗಳೂರಿನ ಕಂಕನಾಡಿಯಲ್ಲಿ ಮುಲ್ಲರ್ ಪಾದ್ರಿಗಳು 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೂ ಆಸರೆ ಕಟ್ಟಿಸಿದ್ದರು. ಯಾರೂ ಮುಟ್ಟದವರನ್ನು ಮುಟ್ಟಿ ನೋಡಿದ ಪುಣ್ಯದ ಜಾಗ ಅದು. ನಮ್ಮ ಜನರ ಬಾಯಲ್ಲಿ ಮಾತ್ರ ಆ ಊರಿನ ಹೆಸರು ಹೆಣ್ಣೊಬ್ಬಳ ಮದುವೆ ಮುರಿಯುವುದಕ್ಕೆ ಬಳಕೆಯಾಯಿತು. ಚಿಕ್ಕಮ್ಮ ಕಂಕನಾಡಿಗೆ ಹೋದವಳೇ ಅಲ್ಲ. ಆ ಸಂಬಂಧ ತಪ್ಪಿತು, ಆಮೇಲೆ ಬಂದ ಎರಡೂ ತಪ್ಪಿದವು.

ಅಜ್ಜಿಯನ್ನು ದೂರುವುದು ಸುಲಭ. ಆದರೆ ಅವರು ಮಾಡಿದ್ದರ ಹಿಂದೆ ದೊಡ್ಡ ಪರಂಪರೆಯೇ ಇದೆ. ಸುಶ್ರುತ ಸಂಹಿತೆಯಲ್ಲಿ ಚರ್ಮಕೀಲ, ಮಷಕ ಎಂಬ ಹೆಸರುಗಳಿವೆ. ಮಷಕದಂಥವನ್ನು ಶಸ್ತ್ರದಿಂದ ಎತ್ತಿ, ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಬೇಕು ಎಂಬ ವಿಧಿಯೂ ಇದೆ. ನೆರೆಮನೆಯ ಹೆಂಗಸರು ಎಲೆಯಡಿಕೆಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡ ಕಲಸಿ ಮಚ್ಚೆಗೆ ಹಚ್ಚುತ್ತಿದ್ದರಲ್ಲ, ಅದೂ ಕ್ಷಾರವೇ. ಎರಡೂ ಸೇರಿದರೆ ಕಾಸ್ಟಿಕ್ ಸೋಡ ಆಗುತ್ತದೆ. ಶಾಸ್ತ್ರದ ಕ್ಷಾರ ಅಡುಗೆಮನೆಗೆ ಇಳಿದು ಬಂದಿತ್ತು, ಎಷ್ಟು ಹಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ ಮಾತ್ರ ಅದರ ಜೊತೆಗೆ ಇಳಿದು ಬಂದಿರಲಿಲ್ಲ.

ಹರಕೆಯ ಮಾತಿಗೆ ಬಂದರೆ, ಅದು ನಮಗೊಬ್ಬರಿಗೇ ಸೇರಿದ್ದಲ್ಲ. ಇಂಗ್ಲೆಂಡಿನ ದೊಡ್ಡ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್‌ಗೆ ಹದಿನಾರರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿದ್ದಾಗ, ಕೈತುಂಬ ನೂರು ಕೆಡುಗಳಾಗಿದ್ದವಂತೆ. ಅಲ್ಲಿದ್ದ ಇಂಗ್ಲಿಷ್ ರಾಯಭಾರಿಯ ಹೆಂಡತಿ ಹಂದಿಕೊಬ್ಬಿನ ತುಂಡಿನಿಂದ ಅವನ್ನೆಲ್ಲ ಉಜ್ಜಿ, ತುಂಡನ್ನು ಬಿಸಿಲಿಗೆ ಕರಗಲೆಂದು ಕಿಟಕಿಯಲ್ಲಿ ತೂಗುಹಾಕಿದಳು. ಐದು ವಾರದಲ್ಲಿ ಎಲ್ಲ ಮಾಯ. ಬೇಕನ್ ತೀರಿಕೊಂಡ ಮರುವರ್ಷ, 1627ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನೇ ಇದನ್ನು ಬರೆದಿದ್ದಾನೆ. ಅವರಿಗೆ ಹಂದಿಕೊಬ್ಬು, ನಮಗೆ ಬಾಳೆಹಣ್ಣು. ನಮ್ಮದು ತಿನ್ನುವುದಕ್ಕಾದರೂ ಆಗುತ್ತದೆ!

ಗುಟ್ಟೇನೆಂದರೆ, ಕೆಡು ತಾನಾಗಿಯೂ ಹೋಗುತ್ತದೆ. ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಸೆಲ್ಸಸ್ ಎಂಬಾತ, ಮಕ್ಕಳಲ್ಲಿ ಏಳುವ ಇಂಥ ಗಂಟುಗಳು ಕೆಲವೊಮ್ಮೆ ಥಟ್ಟನೆ ಇಲ್ಲವಾಗುತ್ತವೆ ಎಂದು ಬರೆದಿಟ್ಟಿದ್ದ. 1963ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಕ್ಕಳ ಕೆಡುಗಳನ್ನು ಮದ್ದಿಲ್ಲದೆ ಎರಡು ವರ್ಷ ನೋಡುತ್ತ ಹೋದರು. ಮೂರರಲ್ಲಿ ಎರಡು ಪಾಲು ತಾವಾಗಿಯೇ ಹೋದವು. ಕಾರಣ ಅದಕ್ಕೂ ಮೊದಲೇ ಗೊತ್ತಾಗಿತ್ತು. 1907ರಲ್ಲಿ ಇಟಲಿಯ ಚುಫೊ ಎಂಬ ವೈದ್ಯ ಕೆಡುವನ್ನು ಅರೆದು, ಸೋಸಿ, ಜೀವಕೋಶ ಒಂದೂ ಇಲ್ಲದ ಆ ರಸವನ್ನು ತನ್ನ ಕೈಗೇ ಚುಚ್ಚಿಕೊಂಡು ಕೆಡು ಬರಿಸಿಕೊಂಡ. ಸೋಸಿದರೂ ಉಳಿಯುವಷ್ಟು ಸಣ್ಣದೇನೋ ಅದರಲ್ಲಿತ್ತು. ಅದು ವೈರಸ್. ದೇಹ ಅದರ ಗುರುತು ಹಿಡಿಯುವ ತನಕ ಕೆಡು ಇರುತ್ತದೆ, ಹಿಡಿದ ಮೇಲೆ ಉದುರುತ್ತದೆ. ಆ ಹೊತ್ತಿಗೆ ನಾವು ಏನು ಮಾಡುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ತೀರ ಈಚೆಗೆ, ನನ್ನ ಕುತ್ತಿಗೆಯ ದೆಸೆಯಿಂದ. ಐವತ್ತು ದಾಟಿದ ಮೇಲೆ ಕುತ್ತಿಗೆಯ ಸುತ್ತ ಎಳ್ಳುಕಾಳಿನಂಥ ಜೋಲು ಚರ್ಮಗಳು ಎದ್ದು ಕರಿಮಣಿ ಸರಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಕೆನ್ನೆಯ ಮೇಲ್ಗಡೆ ಮೇಣ ಅಂಟಿಸಿದ ಹಾಗೆ ಒಂದು ಕಂದು ಗಂಟು. ಬೆನ್ನಲ್ಲಿ ಒಂದು ಕಪ್ಪು. 2019ರಲ್ಲಿ ಮಗಳು ಒತ್ತಾಯಿಸಿ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಎಪ್ಪತ್ತೈದು ವರ್ಷದ ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದಳು, ಸುಮ್ಮನೆ ಜೊತೆಗೆ ಬಂದಳು.

ಡಾಕ್ಟರಮ್ಮ ಮಗಳಿಗಿಂತ ಚಿಕ್ಕವರು. ಕುತ್ತಿಗೆಯವು ಕೆಡುವೇ ಅಲ್ಲ ಎಂದರು, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು ಕಾಣುತ್ತವೆಂದು ಮೊದಲು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕೆನ್ನೆಯದು ವಯಸ್ಸಿನ ಗುರುತು. ಬೆನ್ನಿನದನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ದೊಡ್ಡದಾಗುತ್ತಾ ಉಂಟಾ? ಬಣ್ಣ ಬದಲಾಗಿದೆಯಾ? ರಕ್ತ ಬಂದದ್ದುಂಟಾ?" ಬೆನ್ನನ್ನು ಕಂಡವರು ಯಾರು? ನನಗೆ ಗೊತ್ತಿರಲಿಲ್ಲ. "ಹಾಗಾದರೆ ಇದನ್ನು ಸುಡುವುದಿಲ್ಲ, ಕತ್ತರಿಸಿ ಪರೀಕ್ಷೆಗೆ ಕಳಿಸುವ. ಸುಟ್ಟರೆ ಏನಿತ್ತು ಅಂತ ಆಮೇಲೆ ಯಾರಿಗೂ ಹೇಳಲಿಕ್ಕಾಗುವುದಿಲ್ಲ" ಎಂದರು.

ಸುಡುವ ಕೆಲಸ ಹತ್ತು ನಿಮಿಷದ್ದು. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದೊಂದೇ ನೋವು. ಲಿಗ್ನೊಕೇನ್ ಎಂಬ ಆ ಮದ್ದನ್ನು ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಿಸಿದರು. ವಿದ್ಯುತ್ತಿನಿಂದ ಸುಡುವ ಯಂತ್ರ ಇನ್ನೂ ಹಳೆಯದು. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಹಾರ್ವೆ ಕುಶಿಂಗ್ ಎಂಬ ವೈದ್ಯರು, ವಿಲಿಯಂ ಬೋವಿ ಕಟ್ಟಿದ ಯಂತ್ರ ಹಿಡಿದು ತಲೆಯ ಗಡ್ಡೆಯೊಂದನ್ನು ತೆಗೆದರು. ಅಂಥದೇ ವಿದ್ಯೆ ಈಗ ನನ್ನ ಕುತ್ತಿಗೆಯ ಎಳ್ಳುಕಾಳಿಗೆ. ಸುಟ್ಟ ಕೂದಲಿನ ವಾಸನೆ ಬಂದಾಗ ಚಿಕ್ಕಮ್ಮ ಎದ್ದು ಹೊರಗೆ ಹೋದಳು.

ಬೆನ್ನಿನದರ ವರದಿ ಬರಲು ಎಂಟು ದಿನ. ನಾನು ಯಾರಿಗೂ ಹೇಳದೆ ಮತ್ತೆ ಬಾಳೆಹಣ್ಣು ಹೇಳಿಕೊಂಡೆ. ಏನೂ ಇಲ್ಲ ಎಂದು ಬಂತು.

ಕಾಯುವಾಗ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತನ್ನು ಹೆಣ್ಣುಮಕ್ಕಳ ತಾಯಂದಿರಿಗೆ ತಿಳಿಸಲೇಬೇಕು. ಕೆಡುವಿನ ವೈರಸ್ಸಿನದು ದೊಡ್ಡ ಕುಟುಂಬ, ಇನ್ನೂರಕ್ಕೂ ಮೇಲೆ ಬಗೆಗಳಿವೆ. ಕೈಯ ಕೆಡುವಿನಿಂದ ಕ್ಯಾನ್ಸರ್ ಬರುವುದಿಲ್ಲ. ಆದರೆ ಅದೇ ಕುಟುಂಬದ ಬೇರೆ ಕೆಲವು ಗರ್ಭಕೊರಳಿನ ಕ್ಯಾನ್ಸರ್ ತರುತ್ತವೆ. ಅದನ್ನು 1983ರಲ್ಲಿ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಅದಕ್ಕೆ ಲಸಿಕೆ ಇದೆ, 2022ರಲ್ಲಿ ನಮ್ಮ ದೇಶದಲ್ಲೇ ತಯಾರಾದದ್ದಕ್ಕೂ ಒಪ್ಪಿಗೆ ಸಿಕ್ಕಿತು. ಮೊಮ್ಮಗಳಿಗೆ ಹಾಕಿಸಿದ್ದೇವೆ.

ವರದಿ ತರಲು ಹೋದ ದಿನ ಚಿಕ್ಕಮ್ಮ ತಾನಾಗಿ ಬೆರಳು ಮುಂದೆ ಚಾಚಿದಳು. ಯಾವ ಡಾಕ್ಟರಿಗೂ ತೋರಿಸದ ಬೆರಳು. ಡಾಕ್ಟರಮ್ಮ ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಕತೆ ಕೇಳಿ, "ಅಷ್ಟು ಸಣ್ಣ ಪ್ರಾಯದಲ್ಲಿ ಬಿಟ್ಟಿದ್ದರೆ ಅದಾಗಿಯೇ ಹೋಗುತ್ತಿತ್ತೋ ಏನೋ ಅಮ್ಮ" ಎಂದುಬಿಟ್ಟರು. ಹೇಳಿದ ಮೇಲೆ ಅವರಿಗೇ ಹೇಳಬಾರದಿತ್ತು ಅನ್ನಿಸಿರಬೇಕು. ನಾನು ನೆಲ ನೋಡುತ್ತ ಕೂತೆ.

ಬಸ್ಸಿನಲ್ಲಿ ಚಿಕ್ಕಮ್ಮ ಮಾತಾಡಲಿಲ್ಲ. ಕಟಪಾಡಿ ಹತ್ತಿರ ಬರುವಾಗ ಕೇಳಿದಳು, "ನೀನು ಪೆರ್ಡೂರಿಗೆ ಎಷ್ಟು ಹೇಳಿಕೊಂಡಿದ್ದೀ?"

ನನಗೆ ಆಶ್ಚರ್ಯ. "ನೂರು. ನಿನಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಎಂತ? ನಿನ್ನ ಅಮ್ಮನೂ ಹಾಗೆಯೇ." ಸ್ವಲ್ಪ ಹೊತ್ತು ಬಿಟ್ಟು, "ಸೋಣ ಸಂಕ್ರಮಣಕ್ಕೆ ಹೋಗುವ" ಎಂದಳು.

ಸೋಣ ಸಂಕ್ರಮಣದಂದು ಪೆರ್ಡೂರಿನಲ್ಲಿ ಮದುಮಕ್ಕಳ ಜಾತ್ರೆ. ಹೊಸದಾಗಿ ಮದುವೆಯಾದವರು ಜೋಡಿಜೋಡಿಯಾಗಿ ಬರುವ ದಿನ. ಅಷ್ಟು ವರ್ಷ ಆ ಒಂದು ದಿನ ಮಾತ್ರ ಅವಳು ಪೆರ್ಡೂರಿಗೆ ಕಾಲಿಟ್ಟಿರಲಿಲ್ಲ. ಅಂದು ಆಗಸ್ಟಿನ ಮಳೆಯಲ್ಲಿ, ಜರಿಸೀರೆಯ ಹುಡುಗಿಯರ ಸಾಲಿನ ನಡುವೆ, ಬಾಳೆಹಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನನ್ನ ಮುಂದೆ ನಡೆದಳು.