ದೃಷ್ಟಿಹೀನರಿಂದ ಕಾರ್ಯಾಚರಣ ವ್ಯವಸ್ಥೆಯ ಮರುಅನುಸ್ಥಾಪನೆ

ದೃಷ್ಟಿಹೀನರಿಂದ ಕಾರ್ಯಾಚರಣ ವ್ಯವಸ್ಥೆಯ ಮರುಅನುಸ್ಥಾಪನೆ ಎಂದರೆ ದೃಷ್ಟಿಹೀನ ಬಳಕೆದಾರರು ತಮ್ಮ ಗಣಕಯಂತ್ರದ ಮೂಲ ತಂತ್ರಾಂಶವನ್ನು ಅನ್ಯರ ನೆರವಿಲ್ಲದೆ, ಧ್ವನಿಯ ಆಧಾರದಿಂದ ಮತ್ತೊಮ್ಮೆ ಸ್ಥಾಪಿಸಿಕೊಳ್ಳುವ ಕ್ರಿಯೆ. ಆಪರೇಟಿಂಗ್ ಸಿಸ್ಟಮ್ ಎಂದು ಕರೆಯಲಾಗುವ ಈ ಮೂಲ ತಂತ್ರಾಂಶವು ವೈರಸ್ ದಾಳಿ, ಡಿಸ್ಕ್ ದೋಷ ಅಥವಾ ಅಪೂರ್ಣ ನವೀಕರಣದಿಂದ ಕೆಟ್ಟಾಗ ಮರುಅನುಸ್ಥಾಪನೆ ಅಗತ್ಯವಾಗುತ್ತದೆ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಂತಹ, ಮನೆಗಳು ಚದುರಿರುವ ಮಲೆನಾಡಿನ ತಾಲೂಕುಗಳಲ್ಲಿ ದುರಸ್ತಿಯ ನೆರವು ದೂರವಿರುವುದರಿಂದ ಈ ಕೌಶಲಕ್ಕೆ ಹೆಚ್ಚಿನ ಮಹತ್ವವಿದೆ.

ಸಮಸ್ಯೆಯ ಸ್ವರೂಪ

ದೃಷ್ಟಿಹೀನರು ಗಣಕವನ್ನು ಪರದೆವಾಚಕ ಎಂಬ ತಂತ್ರಾಂಶದ ಮೂಲಕ ಬಳಸುತ್ತಾರೆ. ಅದು ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಬಳಕೆದಾರರು ಕೀಲಿಮಣೆಯಿಂದಲೇ ಆಜ್ಞೆ ನೀಡುತ್ತಾರೆ. ಆದರೆ ಪರದೆವಾಚಕವು ಕಾರ್ಯಾಚರಣ ವ್ಯವಸ್ಥೆಯನ್ನೇ ಆಶ್ರಯಿಸಿರುತ್ತದೆ. ವ್ಯವಸ್ಥೆ ಕೆಟ್ಟ ಕ್ಷಣವೇ ಧ್ವನಿಯೂ ನಿಲ್ಲುತ್ತದೆ. ಹೀಗಾಗಿ ನೆರವು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಯಂತ್ರವು ಮೂಕವಾಗಿರುತ್ತದೆ.

ಗಣಕವನ್ನು ಅಂಗಡಿಗೆ ಒಯ್ಯುವುದು ಒಂದು ಉಪಾಯ. ಆದರೆ ಅಲ್ಲಿ ಪರದೆವಾಚಕವನ್ನು ಮರಳಿ ಅಳವಡಿಸದಿದ್ದರೆ ಯಂತ್ರವು ಸರಿಯಾಗಿ ಮನೆಗೆ ಬಂದರೂ ಬಳಕೆಗೆ ದೊರೆಯುವುದಿಲ್ಲ. ಗುಪ್ತಪದಗಳು, ಬ್ಯಾಂಕ್ ವಿವರಗಳು ಮತ್ತು ಖಾಸಗಿ ಪತ್ರಗಳು ಬೇರೆಯವರ ಕೈಗೆ ಸಿಗುವ ಸಾಧ್ಯತೆಯೂ ಇರುತ್ತದೆ.

ಇತಿಹಾಸ

ಮೈಕ್ರೋಸಾಫ್ಟ್ ಸಂಸ್ಥೆಯು ನರೇಟರ್ ಎಂಬ ಪರದೆವಾಚಕವನ್ನು ವಿಂಡೋಸ್ 2000ರಿಂದ ನೀಡುತ್ತ ಬಂದಿದೆ. ಆದರೂ ಬಹುಕಾಲ ಅದು ಅನುಸ್ಥಾಪನೆಯ ಹಂತದಲ್ಲಿ ಲಭ್ಯವಿರಲಿಲ್ಲ. ಆಗ ಪ್ರಶ್ನೆಗಳಿಗೆ ಮೊದಲೇ ಉತ್ತರ ತುಂಬಿದ ಕಡತವೊಂದನ್ನು ಸಿದ್ಧಪಡಿಸಿ, ಅನುಸ್ಥಾಪನೆ ತಾನಾಗಿ ಮುಗಿಯುವಂತೆ ಮಾಡುವುದು ಒಂದು ಮಾರ್ಗವಾಗಿತ್ತು. 2017ರ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟ್‌ನಿಂದ ಅನುಸ್ಥಾಪನೆ ಹಾಗೂ ದುರಸ್ತಿಯ ಪರದೆಗಳಲ್ಲಿಯೂ ನರೇಟರ್ ಕೆಲಸ ಮಾಡತೊಡಗಿತು. ಆಪಲ್ ಸಂಸ್ಥೆಯು ವಾಯ್ಸ್‌ಓವರ್ ಪರದೆವಾಚಕವನ್ನು 2005ರಲ್ಲಿ ಮ್ಯಾಕ್ ಒಎಸ್ ಟೆನ್ 10.4ರೊಡನೆ ನೀಡಿತು. ಮುಕ್ತ ತಂತ್ರಾಂಶಗಳ ಪೈಕಿ 2013ರ ಡೆಬಿಯನ್ 7 ಆವೃತ್ತಿಯನ್ನು ಧ್ವನಿಯ ನೆರವಿನಿಂದಲೇ ಸ್ಥಾಪಿಸಬಹುದಾಗಿತ್ತು.

ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ವಿಂಡೋಸ್‌ಗಾಗಿ ಇರುವ ಉಚಿತ ಮತ್ತು ಮುಕ್ತ ಪರದೆವಾಚಕ. ಇದರೊಂದಿಗೆ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿ ತಂತ್ರಾಂಶದಲ್ಲಿ ಕನ್ನಡವೂ ಇದೆ.

ಪೂರ್ವಸಿದ್ಧತೆ

ಗಣಕವು ಇನ್ನೂ ಮಾತನಾಡುತ್ತಿರುವಾಗಲೇ ಸಿದ್ಧತೆ ಮುಗಿಸಿಕೊಳ್ಳುವುದು ಸೂಕ್ತ.

ಮೊದಲನೆಯದಾಗಿ, ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಅನುಸ್ಥಾಪನೆಯ ವೇಳೆ ಆ ಡಿಸ್ಕನ್ನು ಗಣಕದಿಂದ ಬೇರ್ಪಡಿಸಿಡಬೇಕು. ಎರಡನೆಯದಾಗಿ, ಅನುಸ್ಥಾಪನಾ ಪೆನ್‌ಡ್ರೈವ್ ಸಿದ್ಧಪಡಿಸಬೇಕು. ವಿಂಡೋಸ್‌ಗೆ ಕನಿಷ್ಠ 8 ಜಿಬಿ ಸಾಮರ್ಥ್ಯದ್ದು ಬೇಕು. ಎನ್‌ವಿಡಿಎ ಅನುಸ್ಥಾಪಕ ಕಡತವನ್ನೂ ಜೊತೆಗಿರಿಸಿಕೊಳ್ಳಬೇಕು. ಮೂರನೆಯದಾಗಿ, ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದರ 48 ಅಂಕಿಗಳ ಬಿಟ್‌ಲಾಕರ್ ಮರುಪಡೆಯುವ ಕೀಲಿಯನ್ನು ಬ್ರೈಲ್‌ನಲ್ಲಿ ಅಥವಾ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಬೇಕು. ನಾಲ್ಕನೆಯದಾಗಿ, ಡಿಸ್ಕ್‌ನ ಪ್ರತಿಯೊಂದು ವಿಭಾಗದ ಗಾತ್ರವನ್ನು ತಿಳಿದಿಟ್ಟುಕೊಳ್ಳಬೇಕು. ಅನುಸ್ಥಾಪನೆಯ ವೇಳೆ ವಿಭಾಗಗಳನ್ನು ಗುರುತಿಸಲು ಗಾತ್ರವೇ ಮುಖ್ಯ ಆಧಾರ.

ವಿಧಾನ

ವಿಂಡೋಸ್: ವ್ಯವಸ್ಥೆ ಇನ್ನೂ ತೆರೆಯುತ್ತಿದ್ದರೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿರುವ ‘ರೀಸೆಟ್ ದಿಸ್ ಪಿಸಿ’ ಅತ್ಯಂತ ಸುಲಭ ಮಾರ್ಗ. ‘ಕೀಪ್ ಮೈ ಫೈಲ್ಸ್’ ಆಯ್ಕೆಯು ವೈಯಕ್ತಿಕ ಕಡತಗಳನ್ನು ಉಳಿಸುತ್ತದೆ. ‘ರಿಮೂವ್ ಎವ್ರಿಥಿಂಗ್’ ಎಲ್ಲವನ್ನೂ ಅಳಿಸುತ್ತದೆ. ಪೆನ್‌ಡ್ರೈವ್‌ನಿಂದ ಸ್ಥಾಪಿಸಬೇಕಾದಾಗ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಆಯ್ದು, ದುರಸ್ತಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಆರಿಸಬೇಕು. ಅನುಸ್ಥಾಪನೆ ಮತ್ತು ದುರಸ್ತಿಯ ಪರದೆಗಳಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನರೇಟರ್ ಆರಂಭವಾಗುತ್ತದೆ. ಗಣಕವು ಮರುಪ್ರಾರಂಭವಾದಾಗಲೆಲ್ಲ ಇದನ್ನು ಪುನಃ ಒತ್ತಬೇಕಾಗಬಹುದು.

ಡೆಬಿಯನ್: ಆರಂಭದ ಪಟ್ಟಿ ಸಿದ್ಧವಾದಾಗ ಗಣಕವು ‘ಬೀಪ್’ ಎಂಬ ಸದ್ದು ಮಾಡುತ್ತದೆ. ಆಗ ಇಂಗ್ಲಿಷ್‌ನ ‘ಎಸ್’ ಕೀಲಿಯನ್ನೊತ್ತಿ ಎಂಟರ್ ಒತ್ತಿದರೆ ಮುಂದಿನ ಪ್ರಶ್ನೆಗಳು ಧ್ವನಿಯಲ್ಲಿ ಕೇಳಿಸುತ್ತವೆ.

ಉಬುಂಟು: ಪೆನ್‌ಡ್ರೈವ್‌ನಿಂದ ಡೆಸ್ಕ್‌ಟಾಪ್ ತೆರೆದ ಬಳಿಕ ಆಲ್ಟ್, ವಿಂಡೋಸ್ ಮತ್ತು ‘ಎಸ್’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಓರ್ಕಾ ಪರದೆವಾಚಕ ಆರಂಭವಾಗುತ್ತದೆ.

ಧ್ವನಿಯಿಲ್ಲದ ಹಂತಗಳು

ಬಯಾಸ್ ಅಥವಾ ಯುಇಎಫ್‌ಐ ಎಂಬ ಆರಂಭಿಕ ಪರದೆಯು ಕಾರ್ಯಾಚರಣ ವ್ಯವಸ್ಥೆ ತೆರೆಯುವ ಮೊದಲೇ ಬರುವುದರಿಂದ ಅಲ್ಲಿ ಪರದೆವಾಚಕ ಕೆಲಸ ಮಾಡುವುದಿಲ್ಲ. ಪೆನ್‌ಡ್ರೈವ್‌ಗೆ ಆದ್ಯತೆ ನೀಡುವ ಆಯ್ಕೆಯು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಮೇಲೆ ಹೇಳಿದ ‘ಯೂಸ್ ಎ ಡಿವೈಸ್’ ಮಾರ್ಗವು ಅನೇಕ ಗಣಕಗಳಲ್ಲಿ ಈ ಪರದೆಯನ್ನು ತಪ್ಪಿಸುತ್ತದೆ. ಧ್ವನಿ ಚಾಲಕ ತಂತ್ರಾಂಶ ದೊರೆಯದಿದ್ದರೆ ಅನುಸ್ಥಾಪನೆಯ ನಡುವೆಯೂ ಮೌನ ಉಂಟಾಗಬಹುದು. ಯುಎಸ್‌ಬಿ ಹೆಡ್‌ಫೋನ್ ಇಂತಹ ಸಂದರ್ಭದಲ್ಲಿ ನೆರವಿಗೆ ಬರುವುದುಂಟು. ಮೊಬೈಲ್ ಕ್ಯಾಮೆರಾದಿಂದ ಪರದೆಯನ್ನು ಓದಿಸುವ ತಂತ್ರಾಂಶಗಳೂ, 2015ರಲ್ಲಿ ಆರಂಭವಾದ ಬಿ ಮೈ ಐಸ್‌ನಂತಹ ವಿಡಿಯೊ ನೆರವಿನ ಸೇವೆಯೂ ಉಪಯುಕ್ತ.

ಮೌನದ ಹಂತದಲ್ಲಿ ಊಹೆಯಿಂದ ಎಂಟರ್ ಒತ್ತುವುದು ಅಪಾಯಕರ. ವಿಭಾಗವನ್ನು ಅಳಿಸುವ ಪರದೆಯಲ್ಲಿ ಒಂದು ತಪ್ಪು ಆಯ್ಕೆಯಿಂದ ವರ್ಷಗಳ ಬರಹ ನಾಶವಾಗಬಹುದು.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಅನೇಕ ಮನೆಗಳು ಅಡಿಕೆ ತೋಟಗಳ ಅಂಚಿನಲ್ಲಿ, ಪೇಟೆಯಿಂದ ದೂರದಲ್ಲಿವೆ. ಸಮೀಪದ ಮಹಾನಗರವಾದ ಹುಬ್ಬಳ್ಳಿಯು ಶಿರಸಿಯಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಸಿದ್ದಾಪುರದಲ್ಲಿ ಜಗದ್ಗುರು ಮುರುಘರಾಜೇಂದ್ರ ಅಂಧರ ಶಾಲೆ ಇದೆ.

ಇಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮಳೆಗಾಲದಲ್ಲಿ ಮರಗಳು ತಂತಿಯ ಮೇಲೆ ಬಿದ್ದು ವಿದ್ಯುತ್ ಹೋಗುವುದು ಸಾಮಾನ್ಯ. ಅನುಸ್ಥಾಪನೆ ಅರ್ಧಕ್ಕೆ ನಿಂತರೆ ಗಣಕವು ತೆರೆಯದೇ ಹೋಗಬಹುದು. ಆದುದರಿಂದ ಬ್ಯಾಟರಿ ಪೂರ್ಣ ತುಂಬಿದ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಅಗತ್ಯ. ಅಂತರಜಾಲ ದುರ್ಬಲವಿದ್ದಲ್ಲಿ ರೀಸೆಟ್ ಮಾಡುವಾಗ ‘ಕ್ಲೌಡ್ ಡೌನ್‌ಲೋಡ್’ ಬದಲು ‘ಲೋಕಲ್ ರೀಇನ್‌ಸ್ಟಾಲ್’ ಆರಿಸುವುದು ಮೇಲು. ಮೊದಲನೆಯದಕ್ಕೆ 4 ಜಿಬಿಗೂ ಹೆಚ್ಚು ದತ್ತಾಂಶ ತಗಲಬಹುದು. ವಿಂಡೋಸ್ 11 ಹೋಮ್ ಆವೃತ್ತಿಯ ಮೊದಲ ಹೊಂದಿಸುವಿಕೆಗೆ ಅಂತರಜಾಲ ಬೇಕಾಗುವುದರಿಂದ, ಆ ಹಂತವನ್ನು ಸಂಪರ್ಕವಿರುವ ಸ್ಥಳದಲ್ಲಿ ಪೂರೈಸಬೇಕಾಗುತ್ತದೆ.

ಅನುಸ್ಥಾಪನೆಯ ನಂತರ ಕನ್ನಡ

ಅನುಸ್ಥಾಪನೆಯ ಸಂದೇಶಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಧ್ವನಿಯಲ್ಲಿಯೇ ಕೇಳಬೇಕಾಗುತ್ತದೆ. ಎನ್‌ವಿಡಿಎ ಅಳವಡಿಸಿದ ಬಳಿಕ ಎನ್‌ವಿಡಿಎ ಕೀಲಿ, ಕಂಟ್ರೋಲ್ ಮತ್ತು ‘ವಿ’ ಒತ್ತಿ, ಧ್ವನಿಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಬಹುದು. ಯುನಿಕೋಡ್‌ನಲ್ಲಿರುವ ಕನ್ನಡ ಬರಹವನ್ನು ಮಾತ್ರ ಪರದೆವಾಚಕ ಸರಿಯಾಗಿ ಓದುತ್ತದೆ. ಹಳೆಯ ಫಾಂಟ್ ಸಂಕೇತಗಳಲ್ಲಿ ಉಳಿಸಿದ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕೇಳಿಸುತ್ತವೆ. ಅವುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಕಾನೂನು

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವು ಅಂಗವಿಕಲರಿಗೆ ಸುಲಭಗ್ರಾಹ್ಯವಾಗಿರುವಂತೆ ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.