ಮೆಸ್ಡಾಗ್ ಮತ್ತು ಸ್ಖೇವೆನಿಂಗೆನ್ ಪನೋರಮಾ

ಹೆಂಡ್ರಿಕ್ ವಿಲೆಮ್ ಮೆಸ್ಡಾಗ್ (1831–1915) ನೆದರ್ಲೆಂಡ್ಸ್‌ನ ಕಡಲ ಚಿತ್ರಕಾರ, ಹೇಗ್ ಪಂಥವೆಂಬ ಚಿತ್ರಕಾರರ ಬಳಗದ ಪ್ರಮುಖರಲ್ಲೊಬ್ಬ. ಹೇಗ್ ನಗರದ ಮಗ್ಗುಲಲ್ಲಿ ಆಗ ಬೆಸ್ತರ ಹಳ್ಳಿಯಾಗಿದ್ದ ಸ್ಖೇವೆನಿಂಗೆನ್ನನ್ನು, ನೋಡುವವರನ್ನು ಸುತ್ತುವರಿಯುವ ದೊಡ್ಡ ಕ್ಯಾನ್ವಾಸಿನ ಮೇಲೆ ಚಿತ್ರಿಸಿದ ಪನೋರಮಾ ಆತನ ಅತ್ಯಂತ ಪ್ರಸಿದ್ಧ ಕೃತಿ.

ಗ್ರೋನಿಂಗೆನ್‌ನಲ್ಲಿ ಹುಟ್ಟಿದ ಮೆಸ್ಡಾಗ್ ತಂದೆಯ ಬ್ಯಾಂಕಿನಲ್ಲಿ ದುಡಿದು, ಮೂವತ್ತೈದರ ವಯಸ್ಸಿನಲ್ಲಿ ಅದನ್ನು ಬಿಟ್ಟು ಬ್ರಸೆಲ್ಸ್‌ಗೆ ಹೋಗಿ ವಿಲೆಮ್ ರೂಲೊಫ್ಸ್‌ನ ಬಳಿ ಚಿತ್ರಕಲೆ ಕಲಿತ. ಕಡಲನ್ನು ದಿನವೂ ನೋಡಿ ಬರೆಯಬೇಕೆಂದೇ 1869ರಲ್ಲಿ ಹೇಗ್‌ಗೆ ಬಂದು ನೆಲೆಸಿದ. ಮರುವರ್ಷ ಪ್ಯಾರಿಸ್ ಸಲೋನ್ ಕಲಾಪ್ರದರ್ಶನದಲ್ಲಿ ಉತ್ತರ ಸಮುದ್ರದ ಅಲೆಗಳ ಚಿತ್ರಕ್ಕೆ ಚಿನ್ನದ ಪದಕ ಬಂತು.

ಬೆಲ್ಜಿಯಂನ ಕಂಪನಿಯೊಂದು ಕೇಳಿಕೊಂಡ ಮೇಲೆ ಶುರುವಾದ ಪನೋರಮಾ ಕೆಲಸ 1881ರಲ್ಲಿ ಸುಮಾರು ನಾಲ್ಕೇ ತಿಂಗಳಲ್ಲಿ ಮುಗಿಯಿತು. ಹದಿನಾಲ್ಕು ಮೀಟರಿಗೂ ಮಿಕ್ಕ ಎತ್ತರ, ಸುಮಾರು 115 ಮೀಟರ್ ಸುತ್ತಳತೆ: ಇಷ್ಟು ದೊಡ್ಡ ಚಿತ್ರ ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ. ಕಲಾವಿದೆಯಾಗಿದ್ದ ಹೆಂಡತಿ ಸೀನ್ತ್ಯೆ ಹಳ್ಳಿಯ ಭಾಗವನ್ನೂ, ಚಿತ್ರಕಾರ ತೆಯೊಫಿಲ್ ಡ ಬಾಕ್ ಆಕಾಶ ಮತ್ತು ಮರಳದಿಬ್ಬಗಳನ್ನೂ ಬರೆದರು. ದಂಡೆಯ ಮೇಲಿನ ಕುದುರೆ ಸವಾರ ಸೈನಿಕರು ತರುಣ ಚಿತ್ರಕಾರ ಬ್ರೈಟ್ನರ್‌ನ ಕೈಚಳಕ. ಬಿಳಿ ಕೊಡೆಯಡಿ ಕೂತು ಚಿತ್ರ ಬರೆಯುತ್ತಿರುವ ಹೆಂಗಸಾಗಿ ಸೀನ್ತ್ಯೆಯೂ ಚಿತ್ರದೊಳಗಿದ್ದಾಳೆ.

ಸೈನ್‌ಪೋಸ್ಟ್ ಎಂಬ ಎತ್ತರದ ಮರಳದಿಬ್ಬದ ಮೇಲಿನಿಂದ ಕಂಡ ನೋಟವಿದು. ಆ ದಿಬ್ಬದ ಮೇಲೆ ಗಾಜಿನ ಉರುಳೆಯೊಂದನ್ನಿಟ್ಟು, ಒಳಗೆ ಕೂತ ಮೆಸ್ಡಾಗ್ ಸುತ್ತಲೂ ಕಂಡದ್ದನ್ನು ಗಾಜಿನ ಮೇಲೆಯೇ ಗೆರೆಯೆಳೆದುಕೊಂಡ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೆಂಚಿನ ಮನೆಗಳು, ಚರ್ಚು, ದೀಪಸ್ತಂಭ. ಆಗ ಅಲ್ಲಿ ಬಂದರಿರಲಿಲ್ಲ. ಚಪ್ಪಟೆ ತಳದ 'ಬೊಮ್' ದೋಣಿಗಳನ್ನು ನೇರ ಮರಳಿಗೇ ತಂದು ನಿಲ್ಲಿಸುತ್ತಿದ್ದರು. ಅವು ಸಾಲಾಗಿ ನಿಂತಿರುವ ರೀತಿಯಲ್ಲೇ ಊರಿನ ಬದುಕು ಕಾಣುತ್ತದೆ. ಹೋಟೆಲುಗಳ ವಿಹಾರಧಾಮವಾಗಿ ಹಳ್ಳಿ ಬದಲಾಗುತ್ತಿದ್ದ ಹೊತ್ತಿನ ದಾಖಲೆಯಾಗಿಯೂ ಚಿತ್ರಕ್ಕೆ ದೊಡ್ಡ ಬೆಲೆಯಿದೆ.

ನೋಡುವವರು ಕತ್ತಲ ದಾರಿಯಿಂದ ಮೆಟ್ಟಿಲೇರಿ ಮಧ್ಯದ ಕಟ್ಟೆಯ ಮೇಲೆ ನಿಲ್ಲುತ್ತಾರೆ. ಕಟ್ಟೆಗೂ ಕ್ಯಾನ್ವಾಸಿಗೂ ನಡುವೆ ನಿಜವಾದ ಮರಳು ಹರಡಿ ಹಗ್ಗ, ಬುಟ್ಟಿಗಳನ್ನು ಇಟ್ಟಿರುವುದರಿಂದ ಕೆಳಗಿನ ಅಂಚು ತಿಳಿಯದು. ಮೇಲಿನ ಅಂಚನ್ನು ಕಟ್ಟೆಯ ಮೇಲ್ಛಾವಣಿ ಮರೆಮಾಡುತ್ತದೆ. ಬೆಳಕು ಗಾಜಿನ ಮಾಡಿನಿಂದ ಇಳಿಯುವ ಹಗಲಿನದೇ. ಹೀಗಾಗಿ ಹೊರಗೆ ಮೋಡ ಕವಿದರೆ ಚಿತ್ರದ ಕಡಲೂ ಮಂಕಾಗುತ್ತದೆ.

1881ರ ಆಗಸ್ಟ್‌ನಲ್ಲಿ ಪನೋರಮಾ ಸಾರ್ವಜನಿಕರಿಗೆ ತೆರೆಯಿತು. ಅದೇ ವರ್ಷ ಬಂದು ನೋಡಿದ ವಿನ್ಸೆಂಟ್ ವಾನ್ ಗಾಗ್ ಬಹಳ ಮೆಚ್ಚಿದ. 1886ರಲ್ಲಿ ಕಂಪನಿ ದಿವಾಳಿಯಾದಾಗ ಮೆಸ್ಡಾಗ್ ಸ್ವಂತ ಹಣ ಕೊಟ್ಟು ಚಿತ್ರವನ್ನು ಉಳಿಸಿಕೊಂಡ. ಹೇಗ್‌ನ ಝೇಸ್ಟ್ರಾಟ್ ಬೀದಿಯಲ್ಲಿ, ಅದಕ್ಕೆಂದೇ ಕಟ್ಟಿದ ಕಟ್ಟಡದಲ್ಲಿ, ಅದು ಈಗಲೂ ಪ್ರದರ್ಶನದಲ್ಲಿದೆ.